ಗಡ್ಡೆ ಕಟ್ಟಿದ ಅಕ್ವೇರಿಯಂ ಉಪ್ಪು: ಎಸೆಯುವ ಮುಂಚೆ ಐದು ಲೀಟರ್ ನೀರಿನಲ್ಲಿ ನೋಡಿ

ಬಕೆಟ್ಟಿನ ಮುಚ್ಚಳ ತೆಗೆದು ಸ್ಕೂಪ್ ಹಾಕಿದೆ. ಉಪ್ಪಿನೊಳಗೆ ಇಳಿಯಬೇಕಾದ ಸ್ಕೂಪ್ ಟಕ್ ಅಂತ ನಿಂತುಬಿಟ್ಟಿತು. ಮೇಲಿಂದ ಕೆಳಗಿನವರೆಗೆ ಒಂದೇ ಕಲ್ಲು. ಸಮುದ್ರದ ಮೀನು, ಹವಳ ಸಾಕುವವರಿಗೆ ಇದು ಗೊತ್ತಿರುವ ಸಂಕಟವೇ.

ನನಗೆ ಎರಡು ಸಲ ಹೀಗಾಗಿದೆ. ಮೊದಲ ಸಲ ಹೆದರಿ ಇಡೀ ಬಕೆಟ್ ಎಸೆದೆ. ಅದು ಬಹುಶಃ ಚೆನ್ನಾಗಿಯೇ ಇದ್ದ ಉಪ್ಪು. ಎರಡನೇ ಸಲ ಉಪ್ಪು ಅಷ್ಟೇನೂ ಗಟ್ಟಿಯಾಗಿರಲಿಲ್ಲ, ಸುಮ್ನೆ ಸ್ವಲ್ಪ ಒದ್ದೆ ಒದ್ದೆ ಅನ್ನಿಸುತ್ತಿತ್ತು. ಧೈರ್ಯವಾಗಿ ಬಳಸಿ ಅರ್ಧ ಟ್ಯಾಂಕಿನ ನೀರು ಬದಲಿಸಿದೆ. ಮಾರನೇ ದಿನ ನೋಡಿದರೆ ಆಲ್ಕಲಿನಿಟಿ (ನೀರಿನಲ್ಲಿರುವ ಬೈಕಾರ್ಬನೇಟ್, ಕಾರ್ಬನೇಟ್‌ಗಳ ಅಳತೆ) ಇಳಿದಿತ್ತು, ಹವಳಗಳು ಮುದುಡಿಕೊಂಡು ಕೂತಿದ್ದವು. ಎರಡೂ ಸಲ ತಪ್ಪು ಅಂದಾಜು ಮಾಡಿ ಕೆಟ್ಟೆ. ಕಲ್ಲಾದ ಉಪ್ಪು ಸರಿಯಾಗಿರಬಹುದು, ಮೆತ್ತಗಿನ ಉಪ್ಪು ಕೆಟ್ಟಿರಬಹುದು. ಅದನ್ನು ಬೇರ್ಪಡಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು, ನಿಮ್ಮದು ಯಾವ ಉಪ್ಪು?

ಸಿಹಿನೀರಿನ ಮೀನಿಗೆ ಮಾರುವ ಅಕ್ವೇರಿಯಂ ಸಾಲ್ಟ್ ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಅದು ಗಂಟು ಕಟ್ಟಿದರೆ ಏನೂ ಹೋಗಿಲ್ಲ. ಒಳಗೆ ಒಂದೇ ವಸ್ತು ಇರುವುದರಿಂದ ಅಲ್ಲಿ ಕೆಡುವುದಕ್ಕೆ ಏನೂ ಇಲ್ಲ. ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಹಾಕಿ, ಅಷ್ಟೇ. ಗಂಟನ್ನು ಹಾಗೇ ಟ್ಯಾಂಕಿಗೆ ಎಸೆಯಬೇಡಿ. ತಳದಲ್ಲಿ ಕೂತ ಉಪ್ಪಿನ ತುಂಡಿನ ಪಕ್ಕದಲ್ಲೇ ಮೀನು ಮಲಗಿದರೆ ಅದರ ಮೈ ಸುಡುತ್ತದೆ.

ತಲೆನೋವು ಇರುವುದು ಮರೀನ್ ಸಾಲ್ಟ್ ಮಿಕ್ಸಿನಲ್ಲಿ, ಅಂದರೆ ಸಮುದ್ರದಂಥ ನೀರು ಮಾಡಿಕೊಳ್ಳುವ ಉಪ್ಪಿನ ಮಿಶ್ರಣದಲ್ಲಿ. ಅದರಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮ್ಯಾಗ್ನೀಶಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಮ್ಯಾಗ್ನೀಶಿಯಂ ಸಲ್ಫೇಟ್, ಪೊಟ್ಯಾಸಿಯಂ ಕ್ಲೋರೈಡ್, ಸೋಡಿಯಂ ಬೈಕಾರ್ಬನೇಟ್ ಎಲ್ಲಾ ಇರುತ್ತವೆ. ಒಣಗಿದ್ದಾಗ ಇವು ಒಂದೇ ಚೀಲದಲ್ಲಿ ಒಟ್ಟಿಗೆ ತೆಪ್ಪಗಿರುತ್ತವೆ. ನೀರು ಸೇರಿತೋ, ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಒಂದನ್ನೊಂದು ಹುಡುಕಿಕೊಂಡು ಹೋಗುತ್ತವೆ.

ತೇವ ಬರುವುದು ಎಲ್ಲಿಂದ

ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವ ಸುಮಾರು 75 ಶೇಕಡಾ ದಾಟುವವರೆಗೆ ನೀರಾಗುವುದಿಲ್ಲ. ಮ್ಯಾಗ್ನೀಶಿಯಂ ಕ್ಲೋರೈಡಿಗೆ 33 ಶೇಕಡಾ ಸಾಕು. ಕ್ಯಾಲ್ಸಿಯಂ ಕ್ಲೋರೈಡಿಗೆ ಅದಕ್ಕಿಂತಲೂ ಕಡಿಮೆ. ಸಾಮಾನ್ಯವಾಗಿ ಮನೆಯೊಳಗಿನ ಗಾಳಿ ಇದಕ್ಕಿಂತ ತೇವವಾಗಿಯೇ ಇರುತ್ತದೆ. ಅಂದರೆ ತೆರೆದಿಟ್ಟ ಮರೀನ್ ಉಪ್ಪು ಬಹುತೇಕ ಯಾವ ದಿನವೂ ನೀರು ಹೀರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಜಾಸ್ತಿ, ಅಷ್ಟೇ ವ್ಯತ್ಯಾಸ.

ಹೀಗೆ ಹೀರಿದ ನೀರು ಹರಳುಗಳ ಮೈಮೇಲೆ ತೆಳ್ಳಗೆ ಒಂದು ಪದರವಾಗುತ್ತದೆ. ಆ ಪದರದಲ್ಲಿ ಸ್ವಲ್ಪ ಉಪ್ಪು ಕರಗುತ್ತದೆ. ಬಿಸಿಲೇರಿ ಗಾಳಿ ಒಣಗಿದಾಗ ಅದೇ ಉಪ್ಪು ಎರಡು ಹರಳುಗಳ ನಡುವೆ ಗಟ್ಟಿಯಾಗಿ ಸೇತುವೆ ಕಟ್ಟುತ್ತದೆ. ರಾತ್ರಿ ಹಗಲು ಹೀಗೇ ನಡೆದರೆ ಬಕೆಟ್ ಪೂರ್ತಿ ಕಲ್ಲು. ಒಡೆಯದ ಹೊಸ ಚೀಲವೂ ಗಡ್ಡೆ ಕಟ್ಟುವುದುಂಟು. ಯಾಕೆಂದರೆ ನೀರು ಒಳಗೇ ಇದೆ. ಸಾಮಾನ್ಯವಾಗಿ ಸಿಗುವ ಮ್ಯಾಗ್ನೀಶಿಯಂ ಕ್ಲೋರೈಡ್ ಹರಳಿನ ತೂಕದಲ್ಲಿ 53 ಶೇಕಡಾ ನೀರೇ. ಅದು ಒದ್ದೆಯಾಗಿ ಕಾಣುವುದಿಲ್ಲ, ಹರಳಿನೊಳಗೆ ಕಟ್ಟಿಕೊಂಡಿರುತ್ತದೆ. ಚೀಲದ ಮೇಲೆ ಚೀಲ ಪೇರಿಸಿದ ಭಾರಕ್ಕೂ, ಸೆಖೆಗೂ ಅದು ಸ್ವಲ್ಪ ಆಚೀಚೆ ಆದರೆ ಸಾಕು.

ಹೆಜ್ಜೆ 1: ಕೈ ಹಾಕಿ ನೋಡಿ

ಒಣಗಿದ ಗ್ಲೌಸ್ ಹಾಕಿಕೊಳ್ಳಿ. ಬರಿಗೈಯಲ್ಲಿ ಎಲ್ಲಾದರೂ ಗೀರು ಗಾಯ ಇದ್ದರೆ ಗೊತ್ತಾಗುತ್ತದೆ, ಚೆನ್ನಾಗಿಯೇ ಉರಿಯುತ್ತದೆ.

ಒಂದು ಗಂಟು ತೆಗೆದು ಹಿಸುಕಿ. ಪುಡಿಪುಡಿಯಾಗಿ ಉದುರಿದರೆ ಚಿಂತೆ ಬೇಡ. ಹಿಸುಕಿದರೂ ಆಗದಷ್ಟು ಗಟ್ಟಿ, ಆದರೆ ಒಣಗಿದೆ ಅನ್ನುವಂತಿದ್ದರೆ ಅದು ಮೇಲೆ ಹೇಳಿದ ಸೇತುವೆಗಳ ಕೆಲಸ. ಇಂಥ ಉಪ್ಪು ಹೆಚ್ಚಾಗಿ ಉಳಿಯುತ್ತದೆ. ಪರೀಕ್ಷೆ ಮಾಡಿ ಬಳಸಿ.

ಮೂರನೆಯದು ನಿಜವಾಗಿ ಅನುಮಾನ ಪಡಬೇಕಾದ್ದು. ಉಪ್ಪು ಒದ್ದೆ ಮರಳಿನ ಹಾಗೆ ಕೈಗೆ ಅಂಟುತ್ತದೆ, ಬಕೆಟ್ ಓರೆ ಮಾಡಿದರೆ ತಳದಲ್ಲಿ ಎಣ್ಣೆಯ ಹಾಗೆ ಮಂದವಾದ ದ್ರವ ಓಡಾಡುತ್ತದೆ. ನೋಡಿದ ಕೂಡಲೇ ಆ ನೀರನ್ನು ಚೆಲ್ಲೋಣ ಅನ್ನಿಸುತ್ತದೆ, ಅಲ್ವಾ? ಚೆಲ್ಲಬೇಡಿ. ಮೊದಲು ಕರಗುವುದು ಮ್ಯಾಗ್ನೀಶಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್. ಆ ಮಂದ ದ್ರವ ಹೆಚ್ಚಾಗಿ ಅದೇ. ಚೆಲ್ಲಿದರೆ ಮೇಲೆ ಉಳಿಯುವುದು ಸೋಡಿಯಂ ಕ್ಲೋರೈಡ್ ಜಾಸ್ತಿ ಇರುವ ಬಡಕಲು ಉಪ್ಪು.

ವಾಸನೆಯನ್ನೂ ನೋಡಿ. ಮುಗ್ಗಲು ವಾಸನೆ, ಬೂಷ್ಟು, ತುಕ್ಕಿನ ಕಲೆ, ಇರುವೆ ಹುಳು ಇದ್ದರೆ ಮುಂದಿನದು ಓದಬೇಕಾಗಿಲ್ಲ. ಎಸೆಯಿರಿ.

ಹೆಜ್ಜೆ 2: ಒಡೆಯಿರಿ, ಬೆರೆಸಿ

ಗಟ್ಟಿ ಉಪ್ಪನ್ನು ಚೀಲದೊಳಗೇ ಇಟ್ಟು, ಮೇಲೆ ಒಂದು ಹಳೇ ಟವೆಲ್ ಹೊದಿಸಿ, ರಬ್ಬರ್ ಸುತ್ತಿಗೆಯಲ್ಲಿ ಬಡಿಯಿರಿ. ಕನ್ನಡಕ ಹಾಕಿಕೊಳ್ಳಿ, ಚೂರು ಸಿಡಿಯುತ್ತದೆ. ಕಬ್ಬಿಣದ ಮೊಳೆ, ಚಾಣ ಹಾಕಿ ಕೆತ್ತಬೇಡಿ. ಉಪ್ಪಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ, ತುಕ್ಕು ಟ್ಯಾಂಕಿಗೆ ಹೋಗುತ್ತದೆ. ಬಕೆಟ್ಟಿನಲ್ಲೇ ಕಲ್ಲಾಗಿದ್ದರೆ ಬಕೆಟ್ ಮಲಗಿಸಿ ಸುತ್ತಲೂ ತಟ್ಟಿ, ಆಮೇಲೆ ಉರುಳಿಸಿ.

ಉರುಳಿಸುವ ಕೆಲಸ ಒಳ್ಳೇ ಉಪ್ಪಿಗೂ ಬೇಕು. ಸಾಗಣೆಯಲ್ಲಿ ಕುಲುಕಿ ಕುಲುಕಿ ಸಣ್ಣ ಕಣ ಕೆಳಗೆ ಹೋಗಿ ದಪ್ಪ ಕಣ ಮೇಲೆ ಉಳಿಯುತ್ತದೆ. ಮೇಲಿನ ಒಂದು ಸ್ಕೂಪಿಗೂ ಕೆಳಗಿನ ಒಂದು ಸ್ಕೂಪಿಗೂ ಅಳತೆ ಬೇರೆ ಬರುತ್ತದೆ. ತೇವ ಹಿಡಿದ ಬಕೆಟ್ಟಿನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ.

ಹೆಜ್ಜೆ 3: ಐದು ಲೀಟರ್ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಚೊಕ್ಕ ಬಕೆಟ್ಟಿನಲ್ಲಿ 5 ಲೀಟರ್ ಆರ್‌ಒ ನೀರು ತೆಗೆದುಕೊಳ್ಳಿ. ನೀರು 25 ಡಿಗ್ರಿ ಆಸುಪಾಸು ಇರಲಿ. ಪ್ಯಾಕೆಟ್ ಮೇಲೆ ಲೀಟರಿಗೆ ಎಷ್ಟು ಗ್ರಾಂ ಅಂತ ಬರೆದಿರುತ್ತಾರೆ. ಲೆಕ್ಕಕ್ಕೆ 38 ಗ್ರಾಂ ಅಂತ ಇಟ್ಟುಕೊಳ್ಳೋಣ. ಹಾಗಾದರೆ 190 ಗ್ರಾಂ ಬೇಕು. ಇದನ್ನು ಬಕೆಟ್ಟಿನ ಮೂರು ನಾಲ್ಕು ಕಡೆಯಿಂದ ತೆಗೆಯಿರಿ, ಮೇಲಿನ ಒಣ ಭಾಗದಿಂದ ಮಾತ್ರ ತೆಗೆದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡ ಹಾಗೆ. ಚಿಕ್ಕ ಪಂಪ್ ಹಾಕಿ ನೀರು ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ. ಉಪ್ಪಿನ ಮೇಲೆ ನೀರು ಹುಯ್ಯುವುದಲ್ಲ, ನೀರಿಗೆ ಉಪ್ಪು. ಉಲ್ಟಾ ಮಾಡಿದರೆ ಮೊದಲ ಕೆಲವು ನಿಮಿಷ ತಳದಲ್ಲಿ ವಿಪರೀತ ದಟ್ಟವಾದ ದ್ರಾವಣ ಆಗಿ, ಚೆನ್ನಾಗಿದ್ದ ಉಪ್ಪೂ ಅಲ್ಲೇ ಕೆಡುತ್ತದೆ.

ಎರಡು ಮೂರು ಗಂಟೆ ಬಿಟ್ಟು ಬನ್ನಿ. ಒಳ್ಳೇ ಉಪ್ಪಾದರೆ ನೀರು ತಿಳಿಯಾಗಿ ಬಕೆಟ್ಟಿನ ತಳ ಕಾಣುತ್ತದೆ. ಒಂದೆರಡು ಕಂದು ಕಣ ಇರಬಹುದು, ಅದು ಉಪ್ಪಿನ ಜೊತೆ ಬಂದ ಕಸ, ಲೆಕ್ಕಕ್ಕಿಲ್ಲ. ಹಾಲು ಬೆರೆಸಿದ ಹಾಗೆ ಮಬ್ಬಾಗಿಯೇ ಉಳಿದರೆ, ಪಂಪ್ ನಿಲ್ಲಿಸಿದ ಮೇಲೆ ತಳದಲ್ಲಿ ಬಿಳಿ ಹಿಟ್ಟಿನಂಥದ್ದು ಕೂತರೆ, ಅದು ಕ್ಯಾಲ್ಸಿಯಂ ಕಾರ್ಬನೇಟ್ ಇರಬಹುದು.

ಖಚಿತ ಮಾಡಿಕೊಳ್ಳುವುದು ಸುಲಭ. ಆ ಬಿಳಿ ಕೆಸರನ್ನು ಒಂದು ಚಮಚದಲ್ಲಿ ತೆಗೆದು, ನೀರು ಬಸಿದು, ಎರಡು ಹನಿ ವಿನೆಗರ್ ಬಿಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ಬುಸ್ ಅಂದರೆ ಕಾರ್ಬನೇಟೇ. ಬಕೆಟ್ಟಿನಲ್ಲೇ ಕ್ಯಾಲ್ಸಿಯಂ, ಬೈಕಾರ್ಬನೇಟ್ ಸೇರಿ ಕಲ್ಲಾಗಿವೆ ಅಂತ ಅರ್ಥ. ಈ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡೂ ಹೊರಬರುತ್ತದೆ. ಒದ್ದೆಯಾದ ಸೀಲ್ ಚೀಲ ಉಬ್ಬಿಕೊಂಡಿದ್ದರೆ ಅದೂ ಇದೇ ಕಥೆ ಇರಬಹುದು. ಹೀಗಾದ ಕ್ಯಾಲ್ಸಿಯಂ ಕಾರ್ಬನೇಟ್ ಎಷ್ಟು ಕಲಕಿದರೂ ಮತ್ತೆ ಕರಗುವುದಿಲ್ಲ. ಇನ್ನೊಂದು ದಿನ ಪಂಪ್ ಓಡಿಸೋಣ ಅನ್ನುವುದು ಕರೆಂಟ್ ದಂಡ.

ಹೆಜ್ಜೆ 4: ತೂಕ ಮರೆಯಿರಿ, ಲವಣಾಂಶ ಅಳೆಯಿರಿ

ಒದ್ದೆ ಉಪ್ಪಿನ 190 ಗ್ರಾಂನಲ್ಲಿ ಒಂದಿಷ್ಟು ನೀರೇ ಇರುತ್ತದೆ. ತಕ್ಕಡಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ 35 ಪಿಪಿಟಿ (ಸಾವಿರ ಭಾಗದಲ್ಲಿ ಎಷ್ಟು ಭಾಗ ಉಪ್ಪು ಅನ್ನುವ ಅಳತೆ) ಬರಬೇಕಾದ ಕಡೆ 33, ಕೆಲವೊಮ್ಮೆ 32 ಬರುತ್ತದೆ. ಇದೊಂದೇ ತೊಂದರೆ ಆಗಿದ್ದರೆ ಉಪ್ಪು ಕೆಟ್ಟಿಲ್ಲ, ತೆಳುವಾಗಿದೆ ಅಷ್ಟೇ. ಜಾಸ್ತಿ ಹಾಕಿ ಸರಿಮಾಡಬಹುದು.

ಲೆಕ್ಕ ಸುಲಭ. 38 ಗ್ರಾಂಗೆ 33 ಬಂದರೆ, 35 ಭಾಗಿಸು 33, ಗುಣಿಸು 38, ಅಂದರೆ ಸುಮಾರು 40.3 ಗ್ರಾಂ. ಈ ಬಕೆಟ್ಟಿಗೆ ಇನ್ನು ಮುಂದೆ ಅದೇ ಅಳತೆ. ಆದರೆ ಹಾಕುವಾಗ 40.3 ಅಂತ ಕಣ್ಣು ಮುಚ್ಚಿ ಸುರಿಯಬೇಡಿ. ಸ್ವಲ್ಪ ಕಡಿಮೆ ಹಾಕಿ, ಅಳೆದು, ಆಮೇಲೆ ತುಂಬಿಸಿ.

ರಿಫ್ರಾಕ್ಟೋಮೀಟರ್ (ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣಾಂಶ ತೋರಿಸುವ ಸಾಧನ) ಬಳಸುವವರು ಅದನ್ನು 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣದಲ್ಲಿ ಹೊಂದಿಸಿಕೊಳ್ಳಿ. ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ 35ರ ಹತ್ತಿರ ತಪ್ಪು ತೋರಿಸಬಹುದು. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಆದರೆ ಮುಳ್ಳಿಗೆ ಅಂಟಿದ ಗುಳ್ಳೆ ತಟ್ಟಿ ಬಿಡಿಸಿ, ಇಲ್ಲದಿದ್ದರೆ ಇಲ್ಲದ ಉಪ್ಪು ಇದೆ ಅನ್ನುತ್ತದೆ. 25 ಡಿಗ್ರಿಯಲ್ಲಿ 35 ಪಿಪಿಟಿ ಅಂದರೆ ಸ್ಪೆಸಿಫಿಕ್ ಗ್ರಾವಿಟಿ (ಶುದ್ಧ ನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ) ಸುಮಾರು 1.026, ಕಂಡಕ್ಟಿವಿಟಿ ಮೀಟರಿನಲ್ಲಿ 53 ಮಿಲಿಸೀಮೆನ್ಸ್.

ಹೆಜ್ಜೆ 5: ಆಲ್ಕಲಿನಿಟಿ ಟೆಸ್ಟ್

ಲವಣಾಂಶವನ್ನು 35ಕ್ಕೆ ತಂದ ಮೇಲೆ ಮಾತ್ರ ಉಳಿದ ಟೆಸ್ಟ್ ಮಾಡಿ. 33ರಲ್ಲೇ ಅಳೆದರೆ ಎಲ್ಲವೂ ಕಡಿಮೆ ಕಾಣುತ್ತದೆ, ನೀವು ಸುಮ್ನೆ ಗಾಬರಿಯಾಗುತ್ತೀರಿ. ಬಂದ ಅಂಕಿಯನ್ನು ಪ್ಯಾಕೆಟ್ ಮೇಲಿರುವ ಅಂಕಿ ಜೊತೆ ಹೋಲಿಸಿ, ಸಮುದ್ರದ ಅಂಕಿ ಜೊತೆ ಅಲ್ಲ. ಸಮುದ್ರದ ನೀರಿನ ಆಲ್ಕಲಿನಿಟಿ 7 ಡಿಕೆಹೆಚ್ (ಆಲ್ಕಲಿನಿಟಿಯ ಮಾನ) ಆಸುಪಾಸು, ಕ್ಯಾಲ್ಸಿಯಂ 410ರಿಂದ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ). ಹವಳಕ್ಕಾಗಿ ಮಾಡಿದ ಎಷ್ಟೋ ಮಿಕ್ಸ್‌ಗಳು ಬೇಕಂತಲೇ ಅದಕ್ಕಿಂತ ಜಾಸ್ತಿ ಇರುತ್ತವೆ.

ಒಂದೇ ಕಿಟ್ ಇದ್ದರೆ ಅದು ಆಲ್ಕಲಿನಿಟಿಯದ್ದಾಗಿರಲಿ. ಕಾರಣ ಹೇಳುತ್ತೇನೆ. ಕ್ಯಾಲ್ಸಿಯಂ ಕಾರ್ಬನೇಟ್ ಆಗುವಾಗ ಎರಡೂ ಒಂದು ಲೆಕ್ಕದಲ್ಲೇ ಕಡಿಮೆಯಾಗುತ್ತವೆ: ಆಲ್ಕಲಿನಿಟಿ 1 ಡಿಕೆಹೆಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿಯುತ್ತದೆ. ಪ್ಯಾಕೆಟ್ ಮೇಲೆ 8.5 ಡಿಕೆಹೆಚ್, 430 ಪಿಪಿಎಂ ಅಂತ ಇದೆ ಅಂದುಕೊಳ್ಳಿ. ನಿಮ್ಮ ಬಕೆಟ್ಟಿನಲ್ಲಿ 2 ಡಿಕೆಹೆಚ್ ಹೋಗಿದ್ದರೆ ಆಲ್ಕಲಿನಿಟಿ 6.5 ತೋರಿಸುತ್ತದೆ, ಕಣ್ಣಿಗೆ ಹೊಡೆಯುವ ಹಾಗೆ. ಕ್ಯಾಲ್ಸಿಯಂ ಮಾತ್ರ 416. ಮನೆಯ ಕ್ಯಾಲ್ಸಿಯಂ ಕಿಟ್ಟಿನಲ್ಲಿ ಒಂದು ಹನಿಯೇ 10-20 ಪಿಪಿಎಂ ಇರುತ್ತದೆ. ಈ 14 ಅದರಲ್ಲಿ ಕಳೆದೇ ಹೋಗುತ್ತದೆ. ನಾನು ಆ ಎರಡನೇ ಸಲ ಮಾಡಿದ್ದು ಇದನ್ನೇ. ಕ್ಯಾಲ್ಸಿಯಂ ಟೆಸ್ಟ್ ಮಾಡಿ, ಎಲ್ಲಾ ಸರಿಯಾಗಿದೆ ಅಂತ ನಿಶ್ಚಿಂತೆಯಿಂದ ನೀರು ಬದಲಿಸಿದೆ.

ಮಂದ ದ್ರವ ಬಿಟ್ಟಿದ್ದ ಬಕೆಟ್ಟಾದರೆ ಮ್ಯಾಗ್ನೀಶಿಯಂ ಕೂಡ ನೋಡಿ. ಸಮುದ್ರದ ನೀರಿನಲ್ಲಿ ಅದು 1280-1300 ಪಿಪಿಎಂ. ಬಕೆಟ್ ಸರಿಯಾಗಿ ಬೆರೆಯದೆ ಇದ್ದರೆ ಇಲ್ಲಿ ಅಂಕಿ ಎತ್ತೆತ್ತಲೋ ಹೋಗುತ್ತದೆ.

ಹೆಜ್ಜೆ 6: ಸರಿಮಾಡಿ, ಅಥವಾ ಬೇರೆ ಕೆಲಸಕ್ಕೆ ಇಡಿ

ಆಲ್ಕಲಿನಿಟಿ ಪ್ಯಾಕೆಟ್ಟಿನ ಅಂಕಿಗಿಂತ ಅರ್ಧ ಡಿಕೆಹೆಚ್ ಒಳಗೆ ವ್ಯತ್ಯಾಸ ಇದ್ದು, ನೀರು ತಿಳಿಯಾಗಿದ್ದರೆ ಸುಮ್ಮನೆ ಬಳಸಿ. ಅಷ್ಟು ವ್ಯತ್ಯಾಸ ಟೆಸ್ಟ್ ಕಿಟ್ಟಿನಲ್ಲೇ ಇರುತ್ತದೆ.

ಒಂದು ಎರಡು ಡಿಕೆಹೆಚ್ ಕಡಿಮೆ ಇದ್ದರೆ ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ ಹಾಕಿ ಏರಿಸಬಹುದು. 100 ಲೀಟರಿಗೆ 1 ಡಿಕೆಹೆಚ್ ಏರಲು 3 ಗ್ರಾಂ ಬೇಕು. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ. ಕ್ಯಾಲ್ಸಿಯಂ ಕೂಡ ಏರಿಸಬೇಕಿದ್ದರೆ 100 ಲೀಟರಿಗೆ 10 ಪಿಪಿಎಂಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 3.7 ಗ್ರಾಂ. ಮ್ಯಾಗ್ನೀಶಿಯಂ 100 ಪಿಪಿಎಂ ಏರಬೇಕಿದ್ದರೆ ಮ್ಯಾಗ್ನೀಶಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 84 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ಲೋಟದಲ್ಲಿ ಆರ್‌ಒ ನೀರಿನಲ್ಲಿ ಕರಗಿಸಿ, ಒಂದಾದ ಮೇಲೆ ಒಂದರಂತೆ, ನಡುವೆ ಅರ್ಧ ಗಂಟೆಯಾದರೂ ಬಿಟ್ಟು ಹಾಕಿ. ಸೋಡಾ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಸುರಿದರೆ ಬಕೆಟ್ಟಿನಲ್ಲಿ ಆಗಿದ್ದ ಅನಾಹುತವೇ ನಿಮ್ಮ ಕಣ್ಣೆದುರು ಮತ್ತೆ ಆಗುತ್ತದೆ. ಇದೆಲ್ಲಾ ಮಿಕ್ಸಿಂಗ್ ಡ್ರಮ್ಮಿನಲ್ಲಿ, ಮೀನಿರುವ ಟ್ಯಾಂಕಿನಲ್ಲಿ ಅಲ್ಲ.

ಇದಕ್ಕಿಂತ ಜಾಸ್ತಿ ಇಳಿದಿದ್ದರೆ ನಾನು ಸರಿಮಾಡುವ ಗೋಜಿಗೆ ಹೋಗುವುದಿಲ್ಲ. ಅಷ್ಟು ಬಿಳಿ ಕೆಸರನ್ನು ಸೋಸುವುದೇ ಒಂದು ಕೆಲಸ. ಅಂಥ ಉಪ್ಪು ಆರ್ಟೀಮಿಯಾ (ಮೀನಿಗೆ ಆಹಾರವಾಗಿ ಕೊಡುವ ಪುಟ್ಟ ಸಿಗಡಿಯಂಥ ಜೀವಿ) ಮರಿ ಮಾಡಿಸಲು ಆಗುತ್ತದೆ. ಲೀಟರಿಗೆ 25 ಗ್ರಾಂ ಹಾಕಿ, ಒಂದು ಚಿಟಿಕೆ ಸೋಡಾ ಸೇರಿಸಿದರೆ ಆಯಿತು. ಹವಳ ಇಲ್ಲದ, ಬರೀ ಮೀನಿರುವ ಟ್ಯಾಂಕಿಗೂ ಕೆಸರು ಕೂರಿಸಿ, ಆಲ್ಕಲಿನಿಟಿ ಸರಿ ಮಾಡಿ ಬಳಸಬಹುದು.

ಎಷ್ಟು ನೀರು ಬದಲಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2 ಡಿಕೆಹೆಚ್ ಕಡಿಮೆ ಇರುವ ನೀರನ್ನು ಹತ್ತು ಶೇಕಡಾ ಬದಲಿಸಿದರೆ ಟ್ಯಾಂಕಿನಲ್ಲಿ ಇಳಿಯುವುದು 0.2 ಮಾತ್ರ. ಹವಳಕ್ಕೆ ಗೊತ್ತೂ ಆಗುವುದಿಲ್ಲ. ಅರ್ಧ ಟ್ಯಾಂಕ್ ಬದಲಿಸಿದರೆ ಒಂದೇ ದಿನ 1 ಡಿಕೆಹೆಚ್ ಇಳಿಯುತ್ತದೆ. ಹೊಸ ಟ್ಯಾಂಕ್ ತುಂಬುವುದಾದರೆ ಪೂರ್ತಿ 2. ಅದಕ್ಕೇ ಅನುಮಾನದ ಉಪ್ಪನ್ನು ಸಣ್ಣ ಸಣ್ಣ ಬದಲಾವಣೆಗೆ ಇಟ್ಟುಕೊಳ್ಳಿ.

ಒಲೆಯಲ್ಲಿ ಒಣಗಿಸಬೇಡಿ

ಓವನ್ನಿನಲ್ಲಿ ಇಟ್ಟು ಒಣಗಿಸಿದರೆ ಆಗಲ್ವಾ ಅಂತ ಎಲ್ಲರಿಗೂ ಒಮ್ಮೆ ಅನ್ನಿಸುತ್ತದೆ. ಆಗಲ್ಲ. ಬೈಕಾರ್ಬನೇಟ್ ಬಿಸಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಬನೇಟ್ ಆಗುತ್ತದೆ. ಇನ್ನೂ ಬಿಸಿ ಮಾಡಿದರೆ ಮ್ಯಾಗ್ನೀಶಿಯಂ ಕ್ಲೋರೈಡ್ ತನ್ನ ನೀರಿನ ಜೊತೆಗೇ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನೂ ಬಿಡಲು ಶುರುಮಾಡುತ್ತದೆ. ಓವನ್ನಿಗೂ ಕೇಡು, ಮೂಗಿಗೂ ಕೇಡು. ಬಿಸಿಲಿಗೆ ಹರಡುವುದೂ ಅಷ್ಟರಲ್ಲೇ ಇದೆ. ಗಾಳಿ ತುಂಬಾ ಒಣಗಿಲ್ಲದಿದ್ದರೆ ಉಪ್ಪು ಒಣಗುವ ಬದಲು ಇನ್ನಷ್ಟು ಕುಡಿಯುತ್ತದೆ, ಧೂಳು ಬೇರೆ.

ಇಡುವಾಗ

ಮುಚ್ಚಳ ತೆಗೆದಾಗ ಒಳಗೆ ಹೋಗುವ ಗಾಳಿಯ ಬಗ್ಗೆ ಜನ ಅತಿಯಾಗಿ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಸೆಖೆ, 80 ಶೇಕಡಾ ತೇವ ಇದ್ದಾಗಲೂ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ಬಕೆಟ್ಟಿನಲ್ಲಿ 20 ಲೀಟರ್ ಜಾಗ ಖಾಲಿ ಇದ್ದರೆ ಒಮ್ಮೆ ತೆರೆದು ಮುಚ್ಚಿದಾಗ ಒಳಗೆ ಸಿಕ್ಕಿಕೊಳ್ಳುವುದು ಅರ್ಧ ಗ್ರಾಂ. ಒದ್ದೆ ಸ್ಕೂಪಿನಲ್ಲಿ ಒಂದು ಚಮಚ ನೀರು ಅಂಟಿಕೊಂಡಿದ್ದರೆ ಅದು 5 ಗ್ರಾಂ. ಹತ್ತು ಸಲ ತೆರೆದ ಹಾಗೆ! ಉಪ್ಪು ಹಾಳಾಗುವುದು ತೆರೆದ ನಿಮಿಷದಲ್ಲಿ ಅಲ್ಲ, ಸರಿಯಾಗಿ ಮುಚ್ಚದೆ ಬಿಟ್ಟ ವಾರಗಳಲ್ಲಿ. ಚೀಲದ ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕುವುದು ಮುಚ್ಚಿದ ಲೆಕ್ಕಕ್ಕೆ ಬರುವುದಿಲ್ಲ.

ರಬ್ಬರ್ ಗ್ಯಾಸ್ಕೆಟ್ ಇರುವ ಮುಚ್ಚಳದ ಬಕೆಟ್ ತೆಗೆದುಕೊಳ್ಳಿ. ಚೀಲದಿಂದ ಸುರಿಯುವ ಬದಲು ಚೀಲದ ಸಮೇತ ಒಳಗಿಟ್ಟು, ಗಾಳಿ ಒತ್ತಿ ತೆಗೆದು ಬಾಯಿ ಬಿಗಿದು, ಆಮೇಲೆ ಮುಚ್ಚಳ ಹಾಕಿ. ಗ್ಯಾಸ್ಕೆಟ್ ಮೇಲೆ ಉಪ್ಪಿನ ಕಣ ಕೂತಿದ್ದರೆ ಬಟ್ಟೆಯಲ್ಲಿ ಒರೆಸಿ, ಒಂದು ಕಣ ಸಾಕು ಬಿರುಕು ಬಿಡಲು. ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡದೆ ಹಲಗೆ ಮೇಲೆ ಇಡಿ. ಟ್ಯಾಂಕಿನ ಕ್ಯಾಬಿನೆಟ್ಟಿನೊಳಗೆ, ಸಂಪಿನ (ಟ್ಯಾಂಕಿನ ನೀರು ಸೋಸುವ ಕೆಳಗಿನ ತೊಟ್ಟಿಯ) ಪಕ್ಕ ಇಡುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಎಲ್ಲರೂ ಇಡುವುದು ಅಲ್ಲೇ!

ಸಿಲಿಕಾ ಜೆಲ್ ಹಾಕಬಹುದು, ಆದರೆ ಅದರಿಂದ ಒದ್ದೆ ಉಪ್ಪು ಒಣಗುತ್ತದೆ ಅಂದುಕೊಳ್ಳಬೇಡಿ. 100 ಗ್ರಾಂ ಜೆಲ್ ಎಷ್ಟೇ ಕುಡಿದರೂ 30-40 ಗ್ರಾಂ ನೀರು. 20 ಕಿಲೋ ಉಪ್ಪು ಎರಡು ಶೇಕಡಾ ತೇವ ಹಿಡಿದಿದ್ದರೆ ಅದೇ 400 ಗ್ರಾಂ ಆಯಿತು. ಜೆಲ್ ಇರುವುದು ಖಾಲಿ ಜಾಗದ ಗಾಳಿಗೆ ಮಾತ್ರ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಪೊಟ್ಟಣ ಒಡೆದು ಉಪ್ಪಿಗೆ ಬಿದ್ದರೆ ಆ ಉಪ್ಪು ಟ್ಯಾಂಕಿಗೆ ಬೇಡ. ಬೀರುವಿನಲ್ಲಿ ನೇತುಹಾಕುವ ತೇವ ಹೀರುವ ಡಬ್ಬಿಗಳೂ ಬೇಡ, ಅವು ಹೀರಿದ ನೀರನ್ನು ಕೆಳಗೆ ಕಟ್ಟಿಟ್ಟುಕೊಳ್ಳುತ್ತವೆ, ಉರುಳಿದರೆ ಎಲ್ಲಾ ಉಪ್ಪಿನ ಮೇಲೆ.

ಚೀಲ ಚಿಕ್ಕದಿದ್ದು ಡ್ರಮ್ ದೊಡ್ಡದಿದ್ದರೆ ಇನ್ನೊಂದು ದಾರಿಯಿದೆ: ತೆರೆದ ದಿನವೇ ಇಡೀ ಚೀಲ ಕರಗಿಸಿಬಿಡಿ. ಉಪ್ಪುನೀರು ಗಾಳಿಯಿಂದ ತೇವ ಹೀರಿ ಕೆಡುವ ಪ್ರಶ್ನೆಯೇ ಇಲ್ಲ, ಪದಾರ್ಥ ಮೇಲೆ ಕೆಳಗೆ ಆಗುವ ಚಿಂತೆಯೂ ಇಲ್ಲ. ಮುಚ್ಚಿಟ್ಟರೆ ವಾರಗಟ್ಟಲೆ ಇರುತ್ತದೆ. ಬಳಸುವ ಹಿಂದಿನ ದಿನ ಪಂಪ್ ಹಾಕಿ, ಅಳೆಯಿರಿ. ಕೆಲವು ಮಿಕ್ಸ್‌ಗಳನ್ನು ಇಂತಿಷ್ಟು ಗಂಟೆಯೊಳಗೆ ಬಳಸಿ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಹಾಗಿದ್ದರೆ ಅದೇ ಪಾಲಿಸಿ.

ನನ್ನ ಈಗಿನ ಬಕೆಟ್ಟಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಮೂರು ವಿಷಯ ಬರೆದಿದೆ: ತೆರೆದ ತಾರೀಕು, ಲೀಟರಿಗೆ ಎಷ್ಟು ಗ್ರಾಂ ಹಾಕಿದರೆ 35 ಬಂತು, ಆವತ್ತಿನ ಆಲ್ಕಲಿನಿಟಿ. ಪ್ರತಿ ಸಲ ನೀರು ಮಾಡಿದಾಗ ಕೆಳಗೆ ಒಂದು ಸಾಲು ಸೇರಿಸುತ್ತೇನೆ. ಗ್ರಾಂ ಅಂಕಿ ಏರುತ್ತಾ ಹೋದರೆ ತೇವ ಒಳಗೆ ಬರುತ್ತಿದೆ. ಗ್ಯಾಸ್ಕೆಟ್ ನೋಡುತ್ತೇನೆ. ಆಲ್ಕಲಿನಿಟಿ ಇಳಿಯಲು ಶುರುವಾದರೆ ಆ ಬಕೆಟ್ ಆರ್ಟೀಮಿಯಾ ಪಾಲು.